ಮಳಿ ಅಳೆಯಾಕಿ

ದನದ ದವಾಖಾನಿ ಹಿತ್ತಲದಾಗ
ಮೊಣಕಾಲೆತ್ತರ ನಿಂತೈತಿ ಮಳಿ ಮಾಪಕ,
ಸುತ್ತ ತಂತಿ ಬೇಲಿ.
ಊರಾಗ ಬೇಲಿ ಇರೋ ಆಕಾಶ ಅದೊಂದ.
ಮುಂಜಾನೆ ಎಂಟೂವರಿಗೆ ಕೀಲಿ ತಗದು
ಬಾಟಲಿ ಎತ್ತಿ, ಗಾಜಿನ ಅಳತಿಗೆ ಸುರುವಿ
ಕಣ್ಣಿಗೆ ಸಮ ಹಿಡದು ಓದತೀನಿ.
ಹದಿನಾರು ವರ್ಷ ಆತು.
ಕಾಗದದಾಗ ನಾ ಜವಾನಿ,
ಊರ ಬಾಯಾಗ ಮಳಿ ಅಕ್ಕೋರು.

ರೋಹಿಣಿ ಹುಟ್ಟಿತಂದ್ರ ಬೇಲಿಗೆ ಆತು ನಿಂದರತಾರ.
"ಎಷ್ಟ್ ಬಿತ್ತಕ್ಕಾ?"
"ಆರು ಪಾಯಿಂಟ್ ಎರಡು."
"ಅದೆಲ್ಲಾ ಬ್ಯಾಡ, ಎರಿ ಎಷ್ಟು ನೆನದೈತಿ ಹೇಳ್ರಿ."
ನಾ ಏನ್ ಹೇಳಲಿ?
ಹೊಲಕ್ಕ ಹೋಗಿ ಕುಡಗೋಲ ಊರಿ ನೋಡ್ರಿ,
ಹಸಿ ಗೇಣುದ್ದ ಇಳದಿದ್ರ ಕೂರಿಗಿ ಹೂಡ್ರಿ,
ಬೆರಳುದ್ದ ಇದ್ರ ತಡೀರಿ, ಬೀಜ ಮೋಸ ಹೋಗತಾವ.
ಇದನ್ನ ಬರಿಯಾಕ
ನನ್ನ ವಹಿಯಾಗ ಕಲಂ ಇಲ್ಲ.

ಮಾಪಕದ ಬಾಯಿ ನನ್ನ ಒಲಿ ಮ್ಯಾಲಿನ ಬೋಗಾಣಿಗಿಂತ ಸಣ್ಣದು.
ಅದರಾಗ ಬಿದ್ದದ್ದ ಇಡೀ ಹೋಬಳಿ ಮಳಿ.
ಮಳಿಗೆ ಇದು ಗೊತ್ತಿಲ್ಲ.
ಆರಿದ್ರಿಯೊಳಗ ಒಂದಿನ, ಹಳ್ಳದ ದಂಡಿಗೆ,
ಎತ್ತಿನ ಒಂದು ಕೋಡು ತೊಯ್ದು ಇನ್ನೊಂದು ಒಣಗೇ ಇತ್ತು.
ಕಪ್ಪತಗುಡ್ಡದ ಗಾಳಿ ಮೋಡ ಹೊಡಕೊಂಡು
ಡಂಬಳದ ಕಡೆ ಒಯ್ತು.
ಗುಡ್ಡದ ಮ್ಯಾಲಿನ ಫ್ಯಾನು ತಿರುಗಿದ್ದಷ್ಟ ನಮ್ಮ ಪಾಲು.

ಶ್ರಾವಣದಾಗ ಹೆಸರು ಕರ್ರಗಾಗಿ ಬಿಡಸಾಕ ಬಂದಿತ್ತು,
ಹಿಡೀತು ನೋಡ್ರಿ ಆಶ್ಲೇಷಿ.
ಐದು ದಿನ ಜಿಟಿ ಜಿಟಿ, ಬಿಸಲ ಮಾರಿ ಇಲ್ಲ.
ಗಿಡದಾಗ ಕಾಯಿ, ಕಾಯಾಗ ಕಾಳು,
ಕಾಳಿಗೆ ಬಿಳೇ ಮೊಳಕಿ.
ಯಾರೂ ಬಿತ್ತದ ಬೆಳಿ, ಗಾಳ್ಯಾಗ.
ನಾ ಬರದದ್ದು: ಮೂರು, ನಾಕು, ಎರಡೂವರಿ.
ಗದಗಿನ ಆಫೀಸಿನವ್ರು ಅಂದ್ರು,
"ಈ ಸಲ ನಿಮ್ಮ ಕಡೆ ಹದವಾದ ಮಳಿ."

ಆಮ್ಯಾಲ ಒಮ್ಮಿಗಲೇ ಬಂದ್.
ಮೆಣಸಿನಗಿಡ ಮಧ್ಯಾಹ್ನಕ್ಕ ಎಲಿ ಮಡಚಿ ಕುಂದರತಿದ್ದವು.
ಸಾಲಾಗಿ ಇಪ್ಪತ್ತೊಂದು ಸೊನ್ನಿ ಬಂದ್ರ
ವಿಮಾದ ರೊಕ್ಕ ಬರತಾವಂತ, ಚಾದಂಗಡ್ಯಾಗ ಸುದ್ದಿ.
ಖರೇನೋ ಸುಳ್ಳೋ, ನನಗೂ ತಿಳೀದು.
ಹದಿನೆಂಟು ಸೊನ್ನಿ ಆಗಿದ್ದವು.

ಹತ್ತೊಂಬತ್ತನೇ ಮುಂಜಾನೆ
ಮಾಪಕದ ಮ್ಯಾಲ ಸ್ಟೀಲ್ ತಾಟು, ಬೋರಲು.
ರಾತ್ರಿ ನಾಕು ಹನಿ ತಗಡಿನ ಮ್ಯಾಲ ಓಡಿದ್ದು ನಾ ಕೇಳಿದ್ದೆ.
ತಾಟಿನ ಅಂಚಿಗೆ ಚುಕ್ಕಿ ಚುಕ್ಕಿ ಅಕ್ಷರ:
ಅಂದಾನೆಪ್ಪನ ಮದವಿಗೆ, ಸೋದರಮಾವನಿಂದ.
ಬ್ಯಾಲಿ ಜಿಗಿಯಾಕ ಬರತೈತಿ,
ಹೆಸರಿಲ್ಲದ ತಾಟು ಹುಡುಕಾಕ ಬರಲಿಲ್ಲ ಪುಣ್ಯಾತ್ಮಗ!
ನಕ್ಕೆ. ನಕ್ಕ ಮ್ಯಾಲ ಪೆನ್ನು ಏಳಲಿಲ್ಲ.
ಸೊನ್ನಿ ಬರದ್ರ ಸುಳ್ಳು.
ಹನಿ ಬರದ್ರ, ಎಷ್ಟಂತ ಬರೀಲಿ?
ಕಲಂ ಖಾಲಿ ಬಿಟ್ಟೆ.
ಫೋನ್ ಬಂತು, "ಇವತ್ತಿಂದು ಏನಾತವ್ವಾ?"
"ತಾಟು ಬಿದ್ದಿತ್ತ್ರಿ ಸಾಹೇಬ್ರ."
ಹಲೋ ಹಲೋ ಅಂದು ಇಟ್ಟಬಿಟ್ರು.

ತಾಟು ನಮ್ಮ ಮನಿ ಗೂಡಿನ್ಯಾಗ ಉಳೀತು.
ಖಾಲಿ ಭಾಂಡೆ ತಿರುಗಿ ಕೊಡೂದು
ನಮ್ಮ ಕಡೆ ರೂಢಿ ಇಲ್ಲ.

ಈಗ ಥಂಡಿ. ನಾಳೆ ಎಳ್ಳಮಾಸಿ.
ಮೋಡ ಮುಗದು ಎರಡು ತಿಂಗಳಾತು.
ಆದ್ರೂ ಎರಿಯಾಗ ಹಿಂಗಾರಿ ಜ್ವಾಳ ಎದಿಯೆತ್ತರ,
ಮಳಿ ಕೇಳಂಗಿಲ್ಲ ಅದು, ರಾತ್ರಿ ಇಬ್ಬನಿ ಕುಡದು ನಿಂದರತೈತಿ,
ಸುಳಿಯೊಳಗ ಸೂರ್ಯ ಏರೂತನಾ ನೀರು.
ಎಂಟೂವರಿ. ಬಾಟಲಿ ಒಣ ಒಣ.
ಲಾಳಿಕಿ ಅಂಚಿಗೆ ಬೆರಳಾಡಿಸಿದೆ,
ಬೆರಳು ತೊಯ್ತು.
ಅದ ಬೆರಳಿಲೆ ಹಾಳಿ ತಿರುವಿ ಬರದೆ: ಸೊನ್ನಿ.
ಮಸಿ ಹಬ್ಬಿ ಸೊನ್ನಿ ನಡುವ
ಒಂದು ಚುಕ್ಕಿ ನಿಂತಿತು. ಅಳಸಲಿಲ್ಲ.

ಬೇಲಿ ಆಚಿ ಅಂದಾನೆಪ್ಪ, ಕಂಬಳಿ ಹೊದ್ದು.
ತಾಟು ಕೈಯಾಗಿಟ್ಟೆ,
ತುಂಬ ಸಜ್ಜಿ ಕಡಬು, ಮ್ಯಾಲ ಗುರೆಳ್ಳ ಚಟ್ನಿ.
ಅಂಚಿನ ಹೆಸರಿನ ಮ್ಯಾಲ
ಅಂವ ಸಾವಕಾಶ ಹೆಬ್ಬಟ್ಟು ಇಟ್ಟ.
ಇಬ್ಬರೂ ಗುಡ್ಡದ ಕಡೆ ನೋಡಿದಿವಿ.
"ಜ್ವಾಳ ಹೆಂಗದಾವೋ?"
"ಹಾಲಗಾಳು ಹಿಡದಾವಕ್ಕಾ.
ಹೊಲಕ್ಕ ಬರ್ರಿ ನಾಳೆ,
ಹೊತ್ತೇರೂಕಿಂತ ಮೊದಲ ಬರ್ರಿ,
ಸೀರಿ ಮೊಣಕಾಲಮಟ ತೊಯ್ಯತೈತಿ."